ಮೈಕಮ್ಮನ ಬಾಯಿಗೆ ತರಬೇತಿ

ಮೈಕಮ್ಮನಿಗೆ ಆ ಹೆಸರಿಟ್ಟವರು ಬಸ್ ನಿಲ್ದಾಣದ ಕಂಡಕ್ಟರುಗಳು. ಒಂಬತ್ತು ವರ್ಷ ಆಕೆ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಸಾರುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಗಾಜಿನ ಗೂಡು ಹೋಯಿತು, ಮೈಕು ಹೋಯಿತು, ದನಿ ಮಾತ್ರ ಉಳಿಯಿತು. ಮನೆಯಲ್ಲಿ ಸಾರಲು ಬಸ್ಸುಗಳಿಲ್ಲದ್ದರಿಂದ ಬೇರೆಯವರ ಮಾತುಗಳನ್ನೇ ಸಾರತೊಡಗಿದಳು. ಗಂಡ ‘ಹೂಂ’ ಎಂಬ ಒಂದೇ ಅಕ್ಷರದಲ್ಲಿ ಸಂಸಾರ ತೂಗಿಸಿದ ಮನುಷ್ಯ. ಅವನಿಗೆ ಇದರಿಂದ ಅನುಕೂಲವೇ ಆಯಿತು. ಪೇಚಿಗೆ ಸಿಕ್ಕವಳು ಮಗಳು.

ಹುಟ್ಟುವಾಗ ಉಸಿರು ತಡವಾಗಿ ಬಂದದ್ದಕ್ಕೆ ಆ ಹುಡುಗಿಯ ನಾಲಿಗೆ ಮತ್ತು ಬಲಗೈ ಅವಳು ಹೇಳಿದ್ದನ್ನು ನಿಧಾನವಾಗಿ ಕೇಳುತ್ತಿದ್ದವು. ತಲೆ ಮಾತ್ರ ಬಲು ಚುರುಕು. ಒಂದು ವಾಕ್ಯ ಪೂರ್ತಿ ಹೊರಬರಲು ಅರ್ಧ ನಿಮಿಷ ಬೇಕು. ಅಷ್ಟು ಹೊತ್ತು ಮೈಕಮ್ಮನ ಬಾಯಿ ಖಾಲಿ ಇರುವುದುಂಟೆ? ಮಗಳು “ನನಗೆ” ಎನ್ನುವಷ್ಟರಲ್ಲಿ ಅಮ್ಮ “ನೀರು ಬೇಕಂತೆ” ಎಂದು ಮುಗಿಸಿ ಲೋಟ ತಂದಿಟ್ಟಿರುತ್ತಿದ್ದಳು. ಮಗಳಿಗೆ ಬೇಕಾಗಿದ್ದದ್ದು ಪೆನ್ನು. ಆದರೆ ನೀರು ಬೇಡ ಎನ್ನಲು ಇನ್ನೊಂದು ಅರ್ಧ ನಿಮಿಷ ಬೇಕಲ್ಲ, ಸುಮ್ಮನೆ ಕುಡಿದುಬಿಡುತ್ತಿದ್ದಳು.

ಕಾಲೇಜಿನ ಕೊನೆಯ ವರ್ಷಕ್ಕೆ ಬಂದಾಗ ಮಗಳು ಯಾವುದಾದರೊಂದು ಕಚೇರಿಯಲ್ಲಿ ಮೂರು ತಿಂಗಳು ಇಂಟರ್ನ್ ಆಗಿ ದುಡಿಯಲೇಬೇಕಾಯಿತು. ಇಲ್ಲವಾದರೆ ಪದವಿ ಇಲ್ಲ. ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆಂದೇ ಕಾಲೇಜು ಮೂರು ವಾರದ ತರಬೇತಿ ಇಟ್ಟಿತ್ತು: ಅರ್ಜಿ ಬರೆಯುವುದು, ಫೋನಿನಲ್ಲಿ ಮಾತಾಡುವುದು, ಸಂದರ್ಶನದಲ್ಲಿ ಕೂರುವುದು. ಮಗಳು ಹೆಸರು ಬರೆಸಿದಳು. ಮೈಕಮ್ಮ ಹೆಸರು ಬರೆಸದೆಯೇ ಹಾಜರಾದಳು.

ತರಬೇತಿಯ ಮೇಷ್ಟ್ರಿಗೆ ಕಣ್ಣು ಕಾಣುತ್ತಿರಲಿಲ್ಲ. ಒಂದು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಮೂವತ್ತು ವರ್ಷ ಕೂತು ನಿವೃತ್ತರಾದವರು. ಸೂಜಿ ಬಿದ್ದರೂ ಯಾವ ಮೂಲೆಯಲ್ಲಿ ಬಿತ್ತು ಎಂದು ಹೇಳುವ ಕಿವಿ ಅವರದು. ಮೊದಲ ದಿನ ಮಗಳ ಪರಿಚಯವನ್ನು ಅಮ್ಮನೇ ಗಡಗಡ ಒಪ್ಪಿಸಿದಾಗ ಮೇಷ್ಟ್ರು ತಲೆಯೆತ್ತಿದರು.

“ಹುಡುಗಿಗೆ ಇಪ್ಪತ್ತೊಂದು ಅಂದ್ರಿ, ದನಿಗೆ ಐವತ್ತಾಗಿದೆಯಲ್ಲ?”

ತರಗತಿ ಗೊಳ್ಳೆಂದಿತು. ಮೇಷ್ಟ್ರು ಅಂದೇ ಒಂದು ಕಾಯಿದೆ ಮಾಡಿದರು. ಈ ಕೋಣೆಯಲ್ಲಿ ಯಾರಿಗಾದರೂ ಸಹಾಯ ಮಾಡಬೇಕು ಅನ್ನಿಸಿದರೆ ಮೊದಲು ಹತ್ತು ಎಣಿಸಬೇಕು. ಹತ್ತಾದ ಮೇಲೂ ಅವರು ಕೇಳಿದರೆ ಮಾತ್ರ ಸಹಾಯ. ಮೈಕಮ್ಮ ಕಾಯಿದೆಗೆ ತಲೆಬಾಗುವ ಹೆಂಗಸೇ. ಮರುದಿನದಿಂದ “ಒಂದೆರಡ್ಮೂರ್ನಾಕೈದಾರೇಳೆಂಟೊಂಬತ್ತತ್ತು” ಎಂದು ಒಂದೇ ಉಸಿರಿಗೆ ಎಣಿಸಿ ಮುಗಿಸಿ ಉತ್ತರ ಹೇಳತೊಡಗಿದಳು. ಮಗಳದ್ದಷ್ಟೇ ಅಲ್ಲ, ಪಕ್ಕದ ಬೆಂಚಿನವರದ್ದೂ. ಎರಡನೇ ವಾರಕ್ಕೆ ಮೇಷ್ಟ್ರು ಆಕೆಯ ಕುರ್ಚಿಯನ್ನು ಬಾಗಿಲಾಚೆ ಹಾಕಿಸಿದರು. ಆಕೆ ಬಾಗಿಲಿನ ಗಾಜಿಗೆ ಮೂಗು ಒತ್ತಿ ತುಟಿಯಲ್ಲೇ ಉತ್ತರ ತೋರಿಸಿದಳು.

ನಗಬೇಡಿ. ನಗುವ ಮೊದಲು ಇನ್ನೊಂದು ಮಾತು ಕೇಳಿ. ಆ ಹೊತ್ತಿಗೆ ಎರಡು ಕಚೇರಿಗಳವರು ಫೋನಿನಲ್ಲಿ ಮಗಳ ಮಾತು ಕೇಳಿದ್ದರು. ಒಬ್ಬ, ಅವಳು ತನ್ನ ಹೆಸರು ಹೇಳಿ ಮುಗಿಸುವ ಮೊದಲೇ ಫೋನ್ ಇಟ್ಟಿದ್ದ. ಇನ್ನೊಬ್ಬ “ಕುಡಿದಿದ್ದೀಯಾ?” ಎಂದು ಕೇಳಿದ್ದ. ಸ್ಪೀಕರಿನಲ್ಲಿ ಅದನ್ನು ಕೇಳಿಸಿಕೊಂಡ ಮೈಕಮ್ಮ ಸ್ನಾನದ ಮನೆಗೆ ಹೋಗಿ, ನಲ್ಲಿ ತಿರುಗಿಸಿಟ್ಟುಕೊಂಡು ಅತ್ತಿದ್ದಳು. ಉಳಿದಿದ್ದದ್ದು ಒಂದೇ ಜಾಗ, ನಗರ ಬಸ್ಸುಗಳ ವೇಳಾಪಟ್ಟಿ ಮಾಡುವ ಕಚೇರಿ. ಮಗಳಿಗೆ ಅದರ ಮೇಲೇ ಮೊದಲಿಂದಲೂ ಕಣ್ಣು. ಎಷ್ಟೆಂದರೂ ಜೋಗುಳದ ಬದಲು ಬಸ್ಸು ಹೊರಡುವ ವೇಳೆ ಕೇಳಿ ಮಲಗಿದ ಮಗು ಅದು.

ಆ ಕಚೇರಿಯವರು ಬುಧವಾರ ಹನ್ನೊಂದಕ್ಕೆ ಫೋನ್ ಮಾಡುತ್ತೇವೆ ಎಂದಿದ್ದರು. ಹತ್ತೂ ಐವತ್ತೈದಕ್ಕೆ ಮಾಡಿದರು. ಮೈಕಮ್ಮ ತರಗತಿಯ ಬಾಗಿಲಾಚೆ ತನ್ನ ಕುರ್ಚಿಯಲ್ಲಿದ್ದಳು. ಮಗಳು ಮುಖ ತೊಳೆಯಲು ಹೋಗಿದ್ದಳು, ಅವಳ ಫೋನು ಎಂದಿನಂತೆ ಅಮ್ಮನ ಚೀಲದಲ್ಲಿತ್ತು. ಬ್ಯಾಂಕಿನವರು, ಕಾಲೇಜಿನವರು, ಯಾರೇ ಮಾಡಿದರೂ ಇಷ್ಟು ವರ್ಷ ಆಕೆ ಹೇಳುತ್ತ ಬಂದದ್ದು ಒಂದೇ ಮಾತು. ಅಂದೂ ಅದೇ ಬಾಯಿಗೆ ಬಂತು.

“ಹೌದು, ನಾನೇ ಮಾತಾಡೋದು.”

ನಾಲಿಗೆಗೆ ಎಲುಬಿಲ್ಲ ನೋಡಿ. ಎಂಟು ನಿಮಿಷ ಮಾತಾಡಿದಳು. ‘ನಾನು ಕೊನೇ ವರ್ಷದಲ್ಲಿ ಓದ್ತಿದ್ದೀನಿ’ ಎಂದಳು. ‘ಸಿಟ್ಟು ಅಂದ್ರೆ ಏನೂಂತಾನೇ ನನಗೆ ಗೊತ್ತಿಲ್ಲ’ ಎಂದಳು. ಬಸ್ಸುಗಳ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳು. ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಮಗಳು.

“ಪಾಸಾದೆ ಮರಿ! ಶುಕ್ರವಾರ ಮುಖಾಮುಖಿ ಬರಬೇಕಂತೆ. ‘ಎಷ್ಟು ಚೆನ್ನಾಗಿ ಮಾತಾಡ್ತೀರಿ’ ಅಂದ್ರು!”

ಅಂದಮೇಲೆ ತಾನು ಏನು ಮಾಡಿದೆನೆಂದು ಆಕೆಗೇ ಹೊಳೆಯಿತು. ಚೆನ್ನಾಗಿ ಮಾತಾಡುವ ಹುಡುಗಿಗಾಗಿ ಅಲ್ಲಿ ಕುರ್ಚಿ ಹಾಕಿ ಕಾಯುತ್ತಾರೆ. ಹೋಗಿ ಕೂರಬೇಕಾದವಳು ಇವಳು.

ತರಗತಿಯೊಳಗಿನಿಂದ ಮೇಷ್ಟ್ರ ದನಿ ಬಂತು. “ತಾಯಿ, ನಿಮಗೆ ಕೆಲಸ ಸಿಕ್ಕಿತು. ಶುಭವಾಗಲಿ.”

“ಮೇಷ್ಟ್ರೇ, ನೀವಾದ್ರೂ ಫೋನ್ ಮಾಡಿ ಏನಾದ್ರೂ ಹೇಳಿ. ಗಂಟಲು ಕಟ್ಟಿದೆ ಅನ್ನಿ.”

ಮಗಳು ಕೈ ಅಡ್ಡ ಹಿಡಿದಳು. ಸಿಟ್ಟಿಗೆ ಅವಳ ಮಾತು ಇನ್ನಷ್ಟು ನಿಧಾನವಾಯಿತು. “ನಾನೇ… ಹೋಗಿ… ನಿಜ ಹೇಳ್ತೀನಿ. ನೀನೂ… ಬರಬೇಕು. ಬಾಯಿ… ಬಿಡಬಾರದು.”

ಎರಡು ದಿನ ಮನೆಯಲ್ಲಿ ತರಬೇತಿ ನಡೆದದ್ದು ಅಮ್ಮನಿಗೆ. ಮೇಷ್ಟ್ರು ಪೆಪ್ಪರಮಿಂಟಿನ ಒಂದು ಪೊಟ್ಟಣ ಕೊಟ್ಟು, ಮಗಳು ಮಾತಾಡುವಾಗ ಒಂದನ್ನು ಬಾಯಲ್ಲಿಟ್ಟುಕೊಳ್ಳಿ, ಅದು ಕರಗುವವರೆಗೆ ಮಾತು ಬೇಡ ಎಂದಿದ್ದರು. ಮೈಕಮ್ಮ ಕಟುಂ ಎಂದು ಕಡಿದು ಮಾತಾಡಿದಳು. ಗುರುವಾರ ಸಂಜೆಗೆ ಪೊಟ್ಟಣ ಖಾಲಿ. ಹಲ್ಲುನೋವು ಶುರುವಾಯಿತು, ಮೌನ ಶುರುವಾಗಲಿಲ್ಲ. ಗಂಡ ಆಕೆಯ ಅವಸ್ಥೆ ನೋಡಿ ಒಮ್ಮೆ ‘ಹೂಂ’ ಎಂದ. ಅದರಲ್ಲಿ ಸ್ವಲ್ಪ ಖುಷಿಯೂ ಇದ್ದಂತಿತ್ತು.

ಶುಕ್ರವಾರ ವೇಳಾಪಟ್ಟಿ ವಿಭಾಗದ ಕೋಣೆಯಲ್ಲಿ ಗೋಡೆ ತುಂಬ ಬಣ್ಣದ ಗೆರೆಗಳ ನಕಾಶೆ, ಮೇಜಿನ ಮೇಲೆ ಕಾಗದದ ಗುಡ್ಡೆ, ಅದರ ಹಿಂದೆ ಕನ್ನಡಕದ ಅಧಿಕಾರಿಣಿ. ಮೈಕಮ್ಮ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಸುಕಿ ಹಿಡಿದಳು.

“ಫೋನಲ್ಲಿ… ಮಾತಾಡಿದ್ದು… ನಾನಲ್ಲ,” ಎಂದಳು ಮಗಳು. “ನಮ್ಮಮ್ಮ.”

ಅಧಿಕಾರಿಣಿ ಪೆನ್ನು ಕೆಳಗಿಟ್ಟರು. ಅಮ್ಮನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. “ಅಂದ್ರೆ ಮೋಸ ಅಂತ ಬರ್ಕೊಳ್ಲಾ?”

ಮೈಕಮ್ಮನ ಗಂಟಲಿಗೆ ಹತ್ತು ಉತ್ತರಗಳು ಒಟ್ಟಿಗೆ ನುಗ್ಗಿದವು. ಮಗೂದು ತಪ್ಪಿಲ್ಲ, ತಪ್ಪು ನನ್ನದು, ನೀವು ಫೋನ್ ಇಟ್ಟುಬಿಡ್ತೀರಿ ಅಂತ ಹೆದರಿಕೆ… ಕೆಳತುಟಿಯನ್ನು ಹಲ್ಲಿನಡಿ ಹಾಕಿ ಕಚ್ಚಿದಳು. ನೋಯುತ್ತಿದ್ದ ಹಲ್ಲೇ ಅದು, ಕಣ್ಣಲ್ಲಿ ನೀರು ಬಂತು.

“ಬರ್ಕೊಳ್ಳಿ,” ಎಂದಳು ಮಗಳು. “ಇನ್ನೊಂದೂ… ಬರ್ಕೊಳ್ಳಿ. ಅಮ್ಮನ… ಒಂದು ಉತ್ತರ… ತಪ್ಪು.”

“ಯಾವುದು?”

ನಲವತ್ತೇಳನೇ ನಂಬರಿನ ಬಸ್ಸು ದಿನಾ ಸಂಜೆ ತಡವಾಗುತ್ತದೆ, ಏನು ಮಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದ್ದರು. ‘ಮೈಕಲ್ಲಿ ಮೂರು ಸಲ ಸಾರಿ ಹೇಳಿ, ಕ್ಷಮೆ ಕೇಳ್ತೀನಿ’ ಎಂದಿದ್ದಳು ಮೈಕಮ್ಮ. ಮನೆಗೆ ಹೋದಮೇಲೆ ಆ ಎಂಟು ನಿಮಿಷವನ್ನೂ ಮಗಳಿಗೆ ಸಾರಿದ್ದಳು. ನಿಲ್ದಾಣದಲ್ಲಿ ಆಕೆ ಮಾಡಿದ್ದದ್ದು ಅದನ್ನೇ. ಮಗಳು ಎದ್ದು ನಕಾಶೆಯ ಹತ್ತಿರ ಹೋಗಿ, ಎಡಗೈಯ ಬೆರಳಿನಿಂದ ಒಂದು ಗೆರೆಯನ್ನು ಹಿಡಿದು ಹೊರಟಳು. ಆ ದಾರಿಯಲ್ಲಿ ಮೂರು ಶಾಲೆಗಳಿವೆ. ನಾಲ್ಕು ಗಂಟೆಗೆ ಮೂರೂ ಬಿಡುತ್ತವೆ. ಒಂದೊಂದು ಕಡೆ ಮಕ್ಕಳು ಹತ್ತಿ ಮುಗಿಯಲು ಎರಡೆರಡು ನಿಮಿಷ ಹೆಚ್ಚು ಬೇಕು. ಪಟ್ಟಿಯಲ್ಲಿ ಮಾತ್ರ ಬೆಳಿಗ್ಗೆ ಆರಕ್ಕೂ ಸಂಜೆ ನಾಲ್ಕಕ್ಕೂ ಓಡಾಟಕ್ಕೆ ಒಂದೇ ಅವಧಿ ಕೊಟ್ಟಿದ್ದಾರೆ. ಇಷ್ಟನ್ನು ಹೇಳಲು ಅವಳಿಗೆ ಆರು ನಿಮಿಷ ಹಿಡಿಯಿತು. ಅಧಿಕಾರಿಣಿ ನಡುವೆ ಒಮ್ಮೆ ಗಡಿಯಾರ ನೋಡಿದರು, ಆಮೇಲೆ ನೋಡಲಿಲ್ಲ.

“ಬಸ್ಸು… ತಡ ಅಲ್ಲ,” ಎಂದು ಮುಗಿಸಿದಳು ಮಗಳು. “ಪಟ್ಟಿ… ಸುಳ್ಳು.”

ಮೈಕಮ್ಮ ಬಾಯಿ ತೆರೆದೇ ಕೂತಿದ್ದಳು. ಇಪ್ಪತ್ತೊಂದು ವರ್ಷದಲ್ಲಿ ಮಗಳ ಮಾತನ್ನು ಆಕೆ ಇಷ್ಟು ಉದ್ದಕ್ಕೆ, ಕೊನೆಯವರೆಗೆ ಕೇಳಿದ್ದು ಇದೇ ಮೊದಲು. ತಾನಾಗಿದ್ದರೆ ಇದನ್ನು ‘ಶಾಲೆ ಹತ್ತಿರ ಜನ ಜಾಸ್ತಿ ಅಂತೆ’ ಎಂದು ಮುಗಿಸಿರುತ್ತಿದ್ದೆ ಎಂದು ಆಕೆಗೆ ಹೊಳೆಯಿತು. ತಾನು ಮುಗಿಸಿಕೊಟ್ಟ ಸಾವಿರಾರು ಮಾತುಗಳು ನಿಜವಾಗಿ ಎಲ್ಲಿಗೆ ಹೊರಟಿದ್ದವೋ. ಕುಡಿಸಿದ ಆ ಲೋಟಗಟ್ಟಲೆ ನೀರೆಲ್ಲ ಈಗ ಆಕೆಯ ಕಣ್ಣಿಗೇ ಬಂತು.

ಅಧಿಕಾರಿಣಿ ನಕಾಶೆಯನ್ನು ಸ್ವಲ್ಪ ಹೊತ್ತು ನೋಡಿದರು. “ಸೋಮವಾರ ಒಂಬತ್ತಕ್ಕೆ ಬನ್ನಿ. ಈ ನಲವತ್ತೇಳನ್ನೇ ಮೊದಲು ಕೈಗೆತ್ತಿಕೊಳ್ಳಿ. ಒಬ್ಬರೇ ಬರಬೇಕು.” ಆಮೇಲೆ ಕನ್ನಡಕ ತೆಗೆದು ಮೈಕಮ್ಮನ ಕಡೆ ತಿರುಗಿದರು. ತುಟಿಯ ಕೊನೆಯಲ್ಲಿ ನಗು ಇತ್ತು. “ನಿಮ್ಮದೂ ಒಂದು ಸಂದರ್ಶನ ಬಾಕಿ ಇದೆಯಲ್ಲಮ್ಮ. ಫೋನಲ್ಲಿ ಪಾಸಾದೋರು ನೀವೇ ತಾನೆ? ಹೇಳಿ, ನಿಮ್ಮ ಬಗ್ಗೆ ಹೇಳಿ.”

ಬಾಗಿಲಾಚೆಯಿಂದ ಎಲ್ಲರಿಗೂ ತುಟಿಯಲ್ಲೇ ಉತ್ತರ ಹೇಳಿಕೊಟ್ಟಿದ್ದ ಪ್ರಶ್ನೆ ಅದು. ಮೈಕಮ್ಮ ಗಂಟಲು ಸರಿಮಾಡಿಕೊಂಡಳು.

“ನನ್ನ ಮಗಳು…” ಎಂದಳು. ನಿಂತಳು. “ನಮ್ಮನೆಯವರು…” ಮತ್ತೆ ನಿಂತಳು. ಪಾಪ, ಅಷ್ಟು ಮಾತಿನ ಹೆಂಗಸು, ಇಂಗು ತಿಂದ ಮಂಗನಂತೆ ಮಗಳ ಮುಖ ನೋಡಿದಳು. ಹೇಳೇ, ನೀನಾದರೂ ಹೇಳೇ ಎಂದಿತು ಆ ನೋಟ.

ಮಗಳಿಗೆ ಉತ್ತರ ಗೊತ್ತಿತ್ತು. ಆದರೂ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈಯ ಒಂದು ಬೆರಳೆತ್ತಿದಳು.

“ಒಂ…ದು,” ಎಂದಳು. “ಎರ…ಡು.”

ಅವಳ ಎಣಿಕೆ ಅಮ್ಮನ ಎಣಿಕೆಯಂತಲ್ಲ. ಒಂದೊಂದು ಅಂಕಿಯ ನಡುವೆಯೂ ಒಂದು ಬಸ್ಸು ಬಂದು ಜನ ಇಳಿಸಿ ಹೋಗಬಹುದಾಗಿತ್ತು. ಅಧಿಕಾರಿಣಿಯೂ ಕೈ ಕಟ್ಟಿ ಕಾದರು. ಮೂರು ಆಯಿತು, ನಾಲ್ಕು ಆಯಿತು, ಆರು ಆಯಿತು.

“ನಾನು ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದೆ,” ಎಂದಳು ಮೈಕಮ್ಮ. ದನಿ ಸಣ್ಣದಾಗಿತ್ತು, ಯಾರದೋ ದನಿಯಂತಿತ್ತು. “ಒಂಬತ್ತು ವರ್ಷ. ನನಗೆ ಆ ಕೆಲಸ ತುಂಬ ಇಷ್ಟ ಇತ್ತು. ಬಿಟ್ಟಾಗ ಅತ್ತಿದ್ದೆ. ಯಾರಿಗೂ ಹೇಳಿಲ್ಲ.”

ಅಧಿಕಾರಿಣಿ ಏನೋ ಹೇಳಲು ಬಾಯಿ ತೆರೆದರು. ಮಗಳು ಬೆರಳು ಇಳಿಸಲಿಲ್ಲ.

“ಏ…ಳು,” ಎಂದಳು. “ಎಂ…ಟು.”

ಹತ್ತು ಆಗುವವರೆಗೂ ಇಬ್ಬರೂ ಕಾದರು. ಶುರು ಮಾಡಿದ್ದನ್ನು ತಾನೇ ಮುಗಿಸುವ ರುಚಿ ಮಗಳಿಗೆ ಆಗಲೇ ಹತ್ತಿತ್ತು.