ಯಾರು ಮನೆಹಾಳಿ?

ಮೊನ್ನೆ ಬೆಳಿಗ್ಗೆ ನನ್ನ ಕಾಫಿ ಲೋಟ ಮೇಜಿನ ಮೇಲೆ ತಾನಾಗಿಯೇ ನಡೆಯಿತು. ಅಂಚಿಗೆ ಬಂದು ಬಿತ್ತು. ಆಮೇಲೆ ನೆಲ ಗುಡುಗಿತು, ಗೋಡೆ ಬಿರುಕು ಬಿಟ್ಟಿತು. ಬಿ.ಎ. ಓದಿದ ನಾನು ಬರಿಗಾಲಲ್ಲಿ ಬೀದಿಗೆ ಓಡಿದೆ.

ಚಿನ್ನದ ಗಣಿಯ ಊರಾದ ಊರಿಗಾಂನವರಿಗೆ ಇದು ಹೊಸದಲ್ಲ. ನೆಲದಡಿ ಬಹಳ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುತ್ತದೆ. ಗಣಿಯವರು ಅದಕ್ಕೆ ಏರ್‌ಬ್ಲಾಸ್ಟ್ ಎನ್ನುತ್ತಾರೆ. (ಹೆಸರು ಕೇಳಿದರೆ ಬರೀ ಗಾಳಿ ಎನಿಸುತ್ತದೆ, ಅಲ್ಲವೆ?) ಮೇಲಿರುವ ನಮ್ಮ ಲೋಟ ಬೀಳುತ್ತದೆ. ಕೆಳಗಿರುವವರ ಮೇಲೆ ಏನು ಬಿತ್ತೆಂದು ಅವರನ್ನು ಹೊತ್ತ ಕೇಜು ಎಂಬ ಕಬ್ಬಿಣದ ಗೂಡು ಮೇಲೆ ಬರುವವರೆಗೆ ತಿಳಿಯದು.

ಪಕ್ಕದ ತಟ್ಟಿ ಮನೆಯ ಮುನಿಯಮ್ಮನ ಮಗ ನಾರಾಯಣ ಆಗ ಕೆಳಗಿದ್ದ. ಮುನಿಯಮ್ಮ, ಸೊಸೆ ಲಕ್ಷ್ಮಿ, ನಾನು, ಮೂವರೂ ಗಣಿಯ ಬಾಯಿಯತ್ತ ಓಡಿದೆವು. ಗೇಟಿನ ಹೊರಗೆ ಆಗಲೇ ಹೆಂಗಸರು ನೆರೆದಿದ್ದರು. ಯಾರೂ ಅಳುತ್ತಿರಲಿಲ್ಲ. ಎಲ್ಲರ ಕಣ್ಣೂ ಕೇಜನ್ನು ಎಳೆಯುವ ಮೇಲಿನ ದೊಡ್ಡ ಚಕ್ರದ ಮೇಲೆ. ಅದು ತಿರುಗಿದರೆ ಕೇಜು ಬರುತ್ತಿದೆ ಎಂದರ್ಥ. ತಿರುಗುತ್ತಿರಲಿಲ್ಲ.

"ಎಲ್ಲಾ ನಿನ್ನಿಂದ್ಲೇ ಕಣೇ, ಮನೆಹಾಳಿ!" ಮುನಿಯಮ್ಮ ಸೊಸೆಯತ್ತ ತಿರುಗಿದಳು. "ಕೆಲ್ಸಕ್ಕೆ ಒಂಟೋನ್ನ ಇಂದ್ಲಿಂದ ಕೂಗ್ತಾರೇನೇ ಯಾರಾನ?"

"ಬುತ್ತಿ ಮರ್ತು ಓಗ್ತಿದ್ರು, ಅತ್ತೆ..."

"ಒಂದೊತ್ತು ಅಸ್ಕೊಂಡಿದ್ರೆ ಏನಾಗ್ತಿತ್ತೇ? ಜೀವವಾದ್ರೂ ಇರ್ತಿತ್ತು!"

ಮನೆಹಾಳಿ. ನೀವೂ ಎಸೆದಿರುತ್ತೀರಿ ಈ ಮಾತನ್ನು. ಸಾರು ಉಕ್ಕಿಸಿದವಳು ಮನೆಹಾಳಿ. ನಮ್ಮಮ್ಮನಿಗೆ ಹಾಲು ಕುಡಿದ ಬೆಕ್ಕೂ ಮನೆಹಾಳಿ. ಇಡೀ ಮನೆಯನ್ನೇ ನಾಶಮಾಡುವವಳು ಎಂಬ ಅರ್ಥ ಬೈಯುವಾಗ ಯಾರಿಗೆ ನೆನಪಿರುತ್ತದೆ? ಆದರೆ ಆ ಗೇಟಿನ ಬಳಿ ನನಗೆ ಆ ಅರ್ಥ ನೆನಪಾಯಿತು. ನಾರಾಯಣ ಮೇಲೆ ಬಂದರೆ ಅದು ಬರೀ ಬೈಗುಳ. ಬಾರದಿದ್ದರೆ, ಈ ಹುಡುಗಿ ಬದುಕಿರುವಷ್ಟು ಕಾಲವೂ ಅದೇ ಅವಳ ಹೆಸರು.

ಅದು ಲಕ್ಷ್ಮಿಗೂ ಗೊತ್ತಿತ್ತು. ಬಾಯಿಗೆ ಸೆರಗು ತುರುಕಿಕೊಂಡು ಚಕ್ರ ನೋಡುತ್ತಿದ್ದಳು, ಇನ್ನೆಂದೂ ಯಾರನ್ನೂ ಕೂಗುವುದಿಲ್ಲ ಎಂಬಂತೆ.

ಕೊನೆಗೂ ಚಕ್ರ ತಿರುಗಿತು. ಮೊದಲ ಕೇಜಿನಲ್ಲಿ ಅವನಿರಲಿಲ್ಲ. ಆಮೇಲಿನದರಲ್ಲಿ ಬಂದ. ತಲೆಗೆ ರಕ್ತ ಮೆತ್ತಿದ ಬಟ್ಟೆ, ಕೈಯಲ್ಲಿ ಬುತ್ತಿಯ ಡಬ್ಬಿ.

ಮುನಿಯಮ್ಮ ಮಗನ ಮೈಯೆಲ್ಲ ಮುಟ್ಟಿ ನೋಡಿದಳು. ಸೊಸೆಯ ಬೆನ್ನಿಗೊಂದು ಗುದ್ದು ಕೊಟ್ಟಳು. "ಕಂಬ ನಿಂತಂಗೆ ನಿಂತವ್ಳೆ! ಕೈ ಇಡ್ಕೊಳ್ಳೇ ಅವನ್ದು, ಮನೆಹಾಳಿ!"

ಅದೇ ಮಾತು. ಈ ಸಲ ಲಕ್ಷ್ಮಿ ಅಳುತ್ತಲೇ ನಕ್ಕಳು.

ನಾವು ಮನೆಯ ಕಡೆ ಹೊರಟಾಗ ಚಕ್ರ ಮತ್ತೆ ನಿಂತಿತ್ತು. ಗೇಟಿನ ಹೊರಗೆ ಕೆಲವು ಹೆಂಗಸರು ಇನ್ನೂ ನಿಂತೇ ಇದ್ದರು.

ಕಣ್ಣು ಮುಚ್ಚಿದರೆ ನನಗೆ ಈಗಲೂ ಆ ಲೋಟ ನಡೆಯುವುದು ಕಾಣುತ್ತದೆ. ಸಿಡಿದದ್ದು ಬಂಡೆ. ಬಂಡೆಯನ್ನು ಯಾರೂ ಬೈಯಲಿಲ್ಲ.

ನಿಂತೇ ಇದ್ದ ಆ ಹೆಂಗಸರ ಮನೆಗಳಲ್ಲಿ, ಅವತ್ತು ಹಿಂದಿನಿಂದ ಕೂಗಿದವಳು ಯಾರೆಂದು ಈಗ ಹುಡುಕುತ್ತಿರಬಹುದೆ?