ಖಂಡೆ ಪೂಜೆಗೆ ಕೂತ ಹಳೆ ಕಂಪ್ಯೂಟರ್

ಖಂಡೆ ಪೂಜೆ ಅಂದರೆ ನಮ್ಮ ಕಡೆಯ ಆಯುಧ ಪೂಜೆ. ಆ ದಿನ ದುಡಿಯುವ ಸಾಮಾನುಗಳನ್ನೆಲ್ಲ ಒರೆಸಿ ದೇವರ ಮುಂದೆ ಜೋಡಿಸಿಡುವುದು ನಮ್ಮಲ್ಲಿ ಗಂಡಸರ ಕೆಲಸ. ಕಲಬುರಗಿ ಬಿಟ್ಟು ಲಿಂಗಂಪಲ್ಲಿಯ ಈ ಸಣ್ಣ ಫ್ಲ್ಯಾಟಿಗೆ ಬಂದ ಮೇಲೂ ಅದು ತಪ್ಪಿಲ್ಲ. ಅನ್ನ ಕೊಡುವ ವಸ್ತು ಒಂದೂ ಬಿಟ್ಟುಹೋಗಬಾರದು ಎಂದು ಅಪ್ಪ ಹೇಳುತ್ತಿದ್ದರು. ಈಗ ನಮ್ಮ ಮನೆಯಲ್ಲಿ ದುಡಿಯುವವರು ಇಬ್ಬರು: ನಾನು ಕಚೇರಿಯಲ್ಲಿ, ಹೆಂಡತಿ ಹೊಲಿಗೆ ಮಷೀನಿನ ಮುಂದೆ. ಸುತ್ತಲಿನ ಹೆಂಗಸರ ಜಂಪರೆಲ್ಲ ಅವಳದೇ ಹೊಲಿಗೆ.

ಹೋದ ವರ್ಷ ನಾನು ನಡುವೆ ಕೂರಿಸಿದ್ದು ನನ್ನ ಹಳೆಯ ಕಂಪ್ಯೂಟರನ್ನು. ಅದು ನಮಗೆ ಒಂದು ತುತ್ತು ಅನ್ನ ಕೊಟ್ಟದ್ದಿಲ್ಲ. ಅದಕ್ಕೆ ಜೋಡಿಸಿದ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ ಕಾದರೆ, ಕಿರ್ರೆಂದು ಕಿರುಚಿ ಒಂದು ಆಟ ತೆರೆದುಕೊಳ್ಳುತ್ತದೆ. ಆಟವೆಂದರೆ ನಾಲ್ಕು ಚೌಕಗಳ ಓಡಾಟ, ಅಷ್ಟೇ. ಆದರೂ ಅದರ ಮುಂದೆ ಕೂತರೆ ನನಗೆ ಬೇರೇನೂ ಬೇಡ. ರೆಕಾರ್ಡರಿನ ರಬ್ಬರ್ ಬೆಲ್ಟು ಸಡಿಲಾದಾಗ ಮೂರು ಭಾನುವಾರ ಕೋಠಿ ಬಜಾರಿನ ಗಲ್ಲಿ ಗಲ್ಲಿ ಸುತ್ತಿ ಹೊಸದು ಹುಡುಕಿ ತಂದಿದ್ದೆ. ಅವತ್ತು ನಾನು ಮನೆಗೆ ಬಂದ ಠೀವಿ ನೋಡಬೇಕಿತ್ತು.

ಹೋಳಿಗೆ ಮಾಡಿ ಮುಗಿಸಿ ಕೈ ಒರೆಸಿಕೊಳ್ಳುತ್ತ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು. ಚೆಂಡುಹೂ ಮುಡಿದ ಕಂಪ್ಯೂಟರ್, ಇಕ್ಕಳ, ಸ್ಕೂಟರಿನ ಕೀಲಿ, ಎಲ್ಲವನ್ನೂ ನೋಡಿದಳು.

“ನನ್ನ ಮಷೀನು ಎಲ್ಲೈತ್ರಿ?”

ಮರೆತೇಬಿಟ್ಟಿದ್ದೆ. ಬಾಲ್ಕನಿಗೆ ಓಡಿದೆ. ಮಷೀನಿನ ಮೇಲೆ ನನ್ನ ಕ್ಯಾಸೆಟ್ಟುಗಳ ಡಬ್ಬ, ಡಬ್ಬದ ಮೇಲೆ ಧೂಳು. ಇಳಿಸಿ, ಒರೆಸಿ, ಒಮ್ಮೆ ತುಳಿದು ನೋಡಿದೆ. ಕೆಳಗಿನ ಗಾಲಿ ತಿರುಗಿತು, ಮೇಲಿನದು ಅಲುಗಲಿಲ್ಲ. ತೊಗಲಿನ ಬೆಲ್ಟು ಹರಿದು ಜೋತುಬಿದ್ದಿತ್ತು.

“ಇದು ಯಾವಾಗ ಹರೀತು?”

“ಎರಡು ತಿಂಗಳಾತ್ರಿ.”

ನಮ್ಮ ರಸ್ತೆಯ ಮೂಲೆಯಂಗಡಿಯಲ್ಲೇ ಸಿಗುವ ಬೆಲ್ಟು ಅದು. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರೆ. ನನ್ನಿಂದ ಊರಿಗಾದರೂ ಏನು ಉಪಕಾರವಾಗಿತ್ತು? ಎರಡು ತಿಂಗಳು ಆ ಮಷೀನಿನ ಸದ್ದೇ ಇಲ್ಲದಿದ್ದರೂ ನನಗೆ ಗೊತ್ತಾಗಿರಲಿಲ್ಲ. ಬಹಳ ನಾಚಿಕೆಯಾಯಿತು. ಆದರೂ ತಪ್ಪನ್ನು ಅವಳ ಮೇಲೆ ಹಾಕುವ ಹಳೇ ಚಾಳಿ ಎಲ್ಲಿ ಹೋದೀತು?

“ಒಂದು ಮಾತು ಹೇಳಬಾರದೇನ?” ಎಂದೆ.

ಅವಳಿಗೆ ಸಿಟ್ಟೂ ಬರಲಿಲ್ಲ. ಕುಂಕುಮದ ಬಟ್ಟಲು ತಂದು, ನಿಂತುಹೋದ ಆ ಮಷೀನಿಗೆ ಬೊಟ್ಟಿಡುತ್ತ ಹೇಳಿದಳು:

“ಎರಡು ಸಲ ಹೇಳೀನ್ರಿ. ಎರಡೂ ಸಲ ನೀವು ಆಟದಾಗ ಇದ್ರಿ. ‘ಹೂಂ, ನಾನೇ ತಂದು ಹಾಕ್ತೀನಿ’ ಅಂದ್ರಿ. ಅದನ್ನ ನಂಬಿ, ಹಬ್ಬಕ್ಕ ಹೊಲಿಯಾಕ ಬಂದ ಅರಿವಿ ಎಲ್ಲಾ ವಾಪಸ್ ಕಳಿಸಿ ಕುಂತೀನಿ.”