ಇಂಥವರಿಗಲ್ಲದ ಶರ್ಟು

ನಮ್ಮ ಅಕ್ಕನ ಗಂಡನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ನಾನು ‘ನಿಲ್ಲುವುದು’ ಎನ್ನುತ್ತಿದ್ದೆ. ತಮಾಷೆಯಲ್ಲ. ಹೆಸರುವಾಸಿ ಶರ್ಟ್ ಕಂಪನಿಯೊಂದರ ಮಾದರಿ ಕೋಣೆಯಲ್ಲಿ ಭಾವ ಬೆಳಗಿನಿಂದ ಸಂಜೆವರೆಗೆ ಕೈಗಳನ್ನು ತುಸು ಅಗಲಿಸಿಕೊಂಡು ನಿಂತಿರುತ್ತಿದ್ದರು. ಕಟಿಂಗ್ ಮಾಸ್ಟರ್ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವರ ಸುತ್ತ ಸುತ್ತುತ್ತಿದ್ದ. ಮೊದಲ ಶರ್ಟು ಭಾವನ ಮೈಗೆ ಸರಿಯಾಗಿ ಕೂತ ಮೇಲೆಯೇ ಮಿಕ್ಕ ಸಾವಿರಾರು ಶರ್ಟುಗಳು ಹೊಲಿಗೆಗೆ ಹೋಗುತ್ತಿದ್ದವು. ಮೀಡಿಯಂ ಸೈಜು ಎಂದರೆ ನಮ್ಮ ಭಾವನ ಮೈ. ಅವರು ದಪ್ಪಗಾಗುವಂತಿರಲಿಲ್ಲ, ಸಣ್ಣಗಾಗುವಂತೆಯೂ ಇರಲಿಲ್ಲ. ಅಕ್ಕ ಬಡಿಸುವಾಗ ಕಂಪನಿಯ ಹಿತವನ್ನೂ ನೋಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಕಂಪನಿಗೆ ಜಾಹೀರಾತಿನ ಹೊಸ ಮುಖ್ಯಸ್ಥ ಬಂದ. ಶರ್ಟು ಚೆನ್ನಾಗಿದೆ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಜನರನ್ನು ಕೆಣಕಬೇಕು ಎಂಬುದು ಅವನ ಸಿದ್ಧಾಂತ. ಕೆಣಕಲು ಒಬ್ಬ ಸಾಧಾರಣ ಮನುಷ್ಯ ಬೇಕಿತ್ತು. ಮಾದರಿ ಕೋಣೆಯಲ್ಲಿ ಒಬ್ಬರು ನಿಂತೇ ಇದ್ದರು. ಭಾವನಿಗೆ ಮಾಸಲು, ದೊಗಳೆ ಶರ್ಟೊಂದನ್ನು ತೊಡಿಸಿ ಫೋಟೊ ತೆಗೆಸಿದ. ಏತಕ್ಕೆಂದು ಭಾವ ಕೇಳಲಿಲ್ಲ. ನಿಲ್ಲು ಎಂದರೆ ನಿಲ್ಲುವುದೇ ಅವರ ಕೆಲಸ.

ಸ್ವಲ್ಪ ದಿನಕ್ಕೆ ಬಸ್ ನಿಲ್ದಾಣದ ಎದುರು ಕಟ್ಟಡದಷ್ಟು ಎತ್ತರಕ್ಕೆ ಭಾವ ಎದ್ದು ನಿಂತರು. ಅಭ್ಯಾಸಬಲದಿಂದ ಅಲ್ಲೂ ಕೈ ಅಗಲಿಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ, ‘ನಮ್ಮ ಶರ್ಟು ಇಂಥವರಿಗಲ್ಲ.’ ಆ ಶರ್ಟಿನ ಒಂದೊಂದು ಹೊಲಿಗೆಯೂ ತೀರ್ಮಾನವಾದದ್ದು ಇಂಥವರ ಮೈಮೇಲೇ ಎಂಬುದು ಆ ಮಹಾಶಯನ ತಲೆಗೆ ಹೋಗಿರಲಿಲ್ಲ. ಅಲ್ಲಿ ಸಿದ್ಧಾಂತಕ್ಕಷ್ಟೇ ಜಾಗವಿತ್ತು.

ಜನ ಮೊದಲು ನಕ್ಕರು. ಆಮೇಲೆ ಮನೆಗೆ ಹೋಗಿ ತಮ್ಮ ತಮ್ಮ ಅಪ್ಪಂದಿರನ್ನು ನೋಡಿದರು. ಎಲ್ಲರ ಅಪ್ಪನೂ ಹೆಚ್ಚುಕಮ್ಮಿ ಹಾಗೇ ಇದ್ದ. ಅಲ್ಲಿಂದಾಚೆಗೆ ಕಂಪನಿಯ ಅಂಗಡಿಗಳಲ್ಲಿ ಶರ್ಟು ಕೊಳ್ಳುವವರಿಗಿಂತ ವಾಪಸು ಕೊಡುವವರೇ ಹೆಚ್ಚಾದರು. “ನಮ್ಮಂಥೋರಿಗಲ್ವಂತಲ್ಲ, ನೀವೇ ಹಾಕ್ಕೊಳ್ಳಿ” ಎಂದು ಒಬ್ಬರು ಕೌಂಟರಿನ ಮೇಲೆ ಎಸೆದು ಹೋದರಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಭಾವನಿಗೆ ಮಾತ್ರ ಇದ್ಯಾವುದೂ ಬೇಕಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಆ ಜಾಹೀರಾತು ಬಂದಾಗಿನಿಂದ ಅವರ ಮುಖ ನೋಡಿ ಮಾತಾಡಿರಲಿಲ್ಲ. ಅವರ ಚಿಂತೆಯೆಲ್ಲ ಅದೊಂದೇ.

ಕೊನೆಗೆ ಮಾಲೀಕರೇ ಭಾವನನ್ನು ಕರೆಸಿದರು. ಈ ಸಲ ಒಳ್ಳೆಯ ಶರ್ಟು ತೊಡಿಸಿ, ಅದೇ ಜಾಗದಲ್ಲಿ ‘ತಪ್ಪಾಯಿತು, ಇದು ನಿಮಗೇ’ ಎಂದು ಹಾಕಿಸುವ ಯೋಚನೆ.

“ನೀವು ಸ್ವಲ್ಪ ನಗ್ತಾ ನಿಂತ್ರೆ ಕಂಪನಿ ಉಳಿಯುತ್ತೆ. ನಿಮ್ಮ ಕೆಲಸಾನೂ ಉಳಿಯುತ್ತೆ.”

“ಮಗಳನ್ನ ಕೇಳಿ ಹೇಳ್ತೀನಿ” ಎಂದು ಭಾವ ಬಂದರು.

ಅಂದು ಊಟಕ್ಕೆ ನಾನೂ ಇದ್ದೆ. ಭಾವ ವಿಷಯ ತೆಗೆದರು. ಹುಡುಗಿ ತಟ್ಟೆಯನ್ನೇ ನೋಡುತ್ತ ಹೇಳಿದಳು.

“ಬಸ್ಸಲ್ಲಿ ಎಲ್ರೂ ಆ ಫೋಟೊ ನೋಡಿ ನಗ್ತಿದ್ರು ಅಪ್ಪ. ಪಕ್ಕದಲ್ಲಿದ್ದೋಳು, ಇವ್ರು ನಿಮ್ಮ ಬೀದಿಯವ್ರಲ್ವಾ, ಗೊತ್ತಾ ನಿಂಗೆ ಅಂದ್ಲು. ನಾನು ಗೊತ್ತಿಲ್ಲ ಅಂದ್ಬಿಟ್ಟೆ.”

ಅಕ್ಕನ ಕೈಯ ಸೌಟು ಅಲ್ಲೇ ನಿಂತಿತು. ನನಗೆ ಹುಡುಗಿಯ ಮೇಲೆ ಮೈಯುರಿಯಿತು, ಅವಳು ಅಳುವುದನ್ನು ನೋಡಿ ಅಯ್ಯೋ ಅನ್ನಿಸಿತು. ಭಾವ ಒಂದು ಗುಟುಕು ನೀರು ಕುಡಿದು, “ಊಟ ಮಾಡು, ಆರಿಹೋಗುತ್ತೆ” ಎಂದರು.

ಮರುದಿನ ಭಾವ ಮಾಲೀಕರಿಗೆ ಆಗುವುದಿಲ್ಲ ಎಂದು ಹೇಳಿದರು. ಹಾಗಾದರೆ ಕೆಲಸವೂ ಇಲ್ಲ ಎಂದರಂತೆ ಅವರು. ಕೆಲಸ ಹೋಯಿತು. ನನಗೆ ತಡೆಯಲಾಗಲಿಲ್ಲ.

“ಏನ್ ಭಾವ, ನಿಂತು ನಿಂತೇ ಇಷ್ಟು ವರ್ಷ ಕಳೆದ್ರಿ, ಇನ್ನೊಂದ್ಸಲ ನಿಲ್ಲೋಕೇನಾಗಿತ್ತು?”

“ಮತ್ತೆ ನನ್ನ ಫೋಟೊ ಹಾಕಿದ್ರೆ ಮತ್ತೆ ಯಾರಾದ್ರೂ ಅವಳನ್ನ ಕೇಳ್ತಾರಪ್ಪ” ಎಂದರು ಭಾವ. “ಒಂದ್ಸಲ ಗೊತ್ತಿಲ್ಲ ಅಂದಿದ್ದಕ್ಕೇ ಮಗು ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.”